ಬದುವಿನ ಕಲ್ಲಲ್ಲಿ ಫಾಸ್ಫೇಟ್ ಹುಡುಕುವ ಬಗೆ

ನಾನು ಪಾಂಡವಪುರದ ಕಡೆಯವನು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ರಿಟೈರ್ ಆದವನು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದಲ್ಲಿ 1,600 ಟನ್ ಲಿಥಿಯಂ ಇದೆಯಂತೆ ಅಂತ ಪೇಪರಿನಲ್ಲಿ ಬಂದಾಗಿನಿಂದ, ಕಲ್ಲು ಹಿಡಿದು ಮನೆಗೆ ಬರುವವರು ಜಾಸ್ತಿಯಾದರು. ಅಲ್ಲಿಯ ಲಿಥಿಯಂ ಮುಖ್ಯವಾಗಿ ಸ್ಪೊಡುಮಿನ್‌ನಲ್ಲಿದೆ. ಅದು ಸಿಲಿಕೇಟ್, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಖನಿಜ. ನನಗೆ ಹುಚ್ಚು ಹಿಡಿಸಿದ್ದು ಅಂಥದೇ ಪೆಗ್ಮಟೈಟ್ ಬಂಡೆಗಳಲ್ಲಿ ಸಿಗುವ ಫಾಸ್ಫೇಟ್ ಖನಿಜಗಳು, ಅಂದರೆ ರಂಜಕ ಇರುವವು. ಹೊಳಪಿಲ್ಲ, ನೋಡಲು ಮಂಕು. ಅದಕ್ಕೇ ಎಲ್ಲರೂ ಎಸೆದು ಹೋಗುತ್ತಾರೆ.

ಪೆಗ್ಮಟೈಟ್ ಗುರುತು ಸುಲಭ. ಗ್ರಾನೈಟಿನಲ್ಲಿ ಹರಳು ಕಾಳಿನಷ್ಟಿದ್ದರೆ ಇಲ್ಲಿ ಮುಷ್ಟಿಯಷ್ಟಿರುತ್ತದೆ. ಕೆಂಪು ಅಥವಾ ಬಿಳಿ ಫೆಲ್ಡ್‌ಸ್ಪಾರ್, ಬೆಣಚು ಕಲ್ಲು, ಹಾಳೆ ಹಾಳೆಯಾಗಿ ಏಳುವ ಕಾಗೆ ಬಂಗಾರ. ದೊಡ್ಡ ಪೆಗ್ಮಟೈಟ್ ಆದರೆ ನಡುವೆ ಬರೀ ಬೆಣಚಿನ ತಿರುಳಿರುತ್ತದೆ. ಆ ತಿರುಳಿನ ಅಂಚು, ಅದಕ್ಕೆ ತಾಗಿದ ಫೆಲ್ಡ್‌ಸ್ಪಾರ್, ಅಲ್ಲಿ ಹುಡುಕಿ.

ಅಗೆಯಲು ಹೋಗಬೇಡಿ. ಸರ್ವೆ ನಡೆಯುವ ಜಾಗ, ಕ್ವಾರಿ, ಅರಣ್ಯ, ಅನುಮತಿಯಿಲ್ಲದೆ ಇವು ಯಾವುದೂ ಬೇಡ. ನನಗೆ ಒಳ್ಳೆಯ ಹರಳು ಸಿಕ್ಕಿದ್ದೆಲ್ಲ ಹೊಲದ ಬದುವಿನ ಮೇಲೆ, ಹಳೆ ಬಾವಿ ತೋಡಿ ಹಾಕಿದ ರಾಶಿಯಲ್ಲಿ. ಹೊಲದವರನ್ನು ಕೇಳಿದರೆ ಬೇಡ ಅಂದವರಿಲ್ಲ. ‘ತಗೊಂಡೋಗಿ ಮೇಷ್ಟ್ರೇ, ನೇಗ್ಲಿಗೆ ಸಿಕ್ಕೋದಾದ್ರೂ ತಪ್ತದೆ’ ಅನ್ನುತ್ತಾರೆ.

ಒಂದು ಕೆಜಿಯ ಸುತ್ತಿಗೆ, ಉಳಿ, ಕಣ್ಣಿಗೆ ಕನ್ನಡಕ, ಸುತ್ತಲು ಹಳೇ ಪೇಪರ್, ಇಷ್ಟು ಸಾಕು. ಹರಳಿಗೆ ಹೊಡೆಯಬೇಡಿ. ಅದರ ಸುತ್ತಲಿನ ಕಲ್ಲನ್ನು ದೂರದಿಂದ ಬಿಡಿಸುತ್ತಾ ಬನ್ನಿ.

ಇನ್ನು ಪರೀಕ್ಷೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಕಲ್ಲನ್ನು ತೂಗಿ. ನನ್ನ ಒಂದು ಹರಳು 62 ಗ್ರಾಂ ಬಂತು. ಆಮೇಲೆ ಮುಕ್ಕಾಲು ಲೋಟ ನೀರು ಇಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ 20 ತೋರಿಸಿತು. 62ನ್ನು 20ರಿಂದ ಭಾಗಿಸಿದರೆ 3.1, ಅಂದರೆ ಅಷ್ಟೇ ಗಾತ್ರದ ನೀರಿಗಿಂತ 3.1 ಪಟ್ಟು ಭಾರ. ಫೆಲ್ಡ್‌ಸ್ಪಾರ್, ಬೆಣಚು ಆಗಿದ್ದರೆ 2.6ರ ಆಸುಪಾಸು ನಿಲ್ಲುತ್ತಿತ್ತು. ನಾವು ಹುಡುಕುವ ಫಾಸ್ಫೇಟುಗಳಲ್ಲಿ ಅಪಟೈಟ್ 3.1–3.2, ಆಂಬ್ಲಿಗೊನೈಟ್ 3ರ ಮೇಲೆ, ಟ್ರಿಫಿಲೈಟ್ 3.5ರ ಹತ್ತಿರ. (ನಮ್ಮ ಮನೆಯವರು ಈಗ ರವೆಗೆ ಬೇರೆ ತಕ್ಕಡಿ ತರಿಸಿಕೊಂಡಿದ್ದಾರೆ.)

ಇಷ್ಟಕ್ಕೇ ಖುಷಿಪಡಬೇಡಿ. ಸ್ಪೊಡುಮಿನ್ನೂ 3.1ರಷ್ಟೇ ತೂಗುತ್ತದೆ, ಕಪ್ಪು ಟೂರ್ಮಲಿನ್ನೂ ಅಷ್ಟೇ; ಎರಡೂ ಫಾಸ್ಫೇಟ್ ಅಲ್ಲ. ಅದಕ್ಕೆ ಚಾಕು ಬೇಕು. ಉಕ್ಕಿನ ಚಾಕುವಿನ ಮೊನೆಯಿಂದ ಕಾಣದ ಮೂಲೆಯಲ್ಲಿ ಒತ್ತಿ ಗೀರಿ, ಬೆರಳು ಒದ್ದೆ ಮಾಡಿ ಒರೆಸಿ. ಗಟ್ಟಿ ಕಲ್ಲಿನ ಮೇಲೆ ಚಾಕುವಿನದೇ ಬೂದು ಗೆರೆ ಬೀಳುತ್ತದೆ, ಮೋಸಹೋಗುವುದು ಅಲ್ಲೇ. ಉಗುರಾಡಿಸಿದಾಗ ಗೀರು ತಡೆಯಬೇಕು, ಬಿಳಿ ಪುಡಿ ಎದ್ದಿರಬೇಕು. ಅಪಟೈಟ್, ಟ್ರಿಫಿಲೈಟ್ ಗೀರಿಸಿಕೊಳ್ಳುತ್ತವೆ. ಸ್ಪೊಡುಮಿನ್ ಜಗ್ಗುವುದಿಲ್ಲ. ಆಂಬ್ಲಿಗೊನೈಟ್ ಮಾತ್ರ ಕಾಟ ಕೊಡುತ್ತದೆ. ಗಟ್ಟಿತನದಲ್ಲಿ ಚಾಕುವಿಗೆ ಸರಿಸಮ, ನೋಡಲು ಥೇಟ್ ಫೆಲ್ಡ್‌ಸ್ಪಾರ್. ಅದಕ್ಕೆ ತೂಕವನ್ನೇ ನಂಬಬೇಕು.

ಲೆಕ್ಕ 5ರ ಹತ್ತಿರ ಬಂದು ಬಣ್ಣ ಜೇನಿನ ಕಂದಾಗಿದ್ದರೆ ಅದು ಮೊನಜೈಟ್ ಇರಬಹುದು. ಅದೂ ಫಾಸ್ಫೇಟೇ, ಆದರೆ ಥೋರಿಯಂ ಇರುವುದರಿಂದ ವಿಕಿರಣ ಸೂಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ತೊಳೆಯುವಾಗ ನಾನು ಮಾಡಿದ್ದನ್ನು ನೀವು ಮಾಡಬೇಡಿ. ಮೊದಲ ಸಲ ಆರು ಮುಖದ, ಹಸಿರು ಬಣ್ಣದ, ಹೆಬ್ಬೆರಳಿನಷ್ಟು ಹರಳು ಸಿಕ್ಕಿತು. ಬೆರಿಲ್ (ಪಚ್ಚೆಯ ಜಾತಿಯ ಗಟ್ಟಿ ಹರಳು) ಅಂದುಕೊಂಡೆ. ಕೆಂಪು ತುಕ್ಕು ಹೋಗಲಿ ಅಂತ ಬಚ್ಚಲು ತೊಳೆಯುವ ಆಸಿಡ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ನೋಡಿದರೆ ಅಂಚುಗಳೆಲ್ಲ ಕರಗಿ, ಸಂಕ್ರಾಂತಿಯ ಸಕ್ಕರೆ ಅಚ್ಚನ್ನು ಮಗು ಚೀಪಿ ಇಟ್ಟ ಹಾಗಿತ್ತು. ಬೆರಿಲ್ ಆ ಆಸಿಡ್‌ಗೆ ಹೆದರುವುದಿಲ್ಲ, ಅಪಟೈಟ್ ಕರಗುತ್ತದೆ. ಮೊದಲೇ ಚಾಕು ಆಡಿಸಿದ್ದರೆ ಗೊತ್ತಾಗುತ್ತಿತ್ತು, ಅಲ್ವಾ? ಈಗ ನೀರು, ಹಳೇ ಟೂತ್‌ಬ್ರಷ್, ಸಂದಿಗೆ ಬಿದಿರು ಕಡ್ಡಿ. ತುಕ್ಕು ಉಳಿದರೆ ಉಳಿಯಲಿ.

ಕಪ್ಪು ಸಿಪ್ಪೆಯ ಕಲ್ಲನ್ನೂ ಸುಮ್ನೆ ಎಸೆಯಬೇಡಿ. ಟ್ರಿಫಿಲೈಟ್ ಗಾಳಿ ನೀರಿಗೆ ಹಳತಾಗುತ್ತಾ ಹೆಟೆರೊಸೈಟ್ ಎಂಬ ಇನ್ನೊಂದು ಫಾಸ್ಫೇಟ್ ಆಗುತ್ತದೆ. ಸಿಪ್ಪೆ ಚಕ್ಕೆ ಎದ್ದರೆ ಒಳಗೆ ನೇರಳೆಹಣ್ಣಿನ ಬಣ್ಣ. ನೀಲಿ ವಿವಿಯನೈಟ್ (ಇದೂ ಫಾಸ್ಫೇಟೇ) ಸಿಕ್ಕರೆ ಡಬ್ಬಿಯೊಳಗೆ ಕತ್ತಲಲ್ಲಿಡಿ, ಬೆಳಕಿಗೆ ಕಪ್ಪಾಗುತ್ತದೆ.

ಮನೆಗೆ ಬಂದ ದಿನವೇ ಚೀಟಿ ಬರೆಯಿರಿ, ನಾಳೆ ಅಂದರೆ ಮರೆತುಹೋಗುತ್ತದೆ. ಕಲ್ಲಿಗೊಂದು ನಂಬರ್, ಊರು, ಯಾರ ಹೊಲ, ತಾರೀಕು, ಜೊತೆಗಿದ್ದ ಕಲ್ಲು ಯಾವುದು. ನನ್ನ 12ನೇ ಚೀಟಿ ಹೀಗಿದೆ: ‘ಬಾವಿ ರಾಶಿ. ಕೆಂಪು ಫೆಲ್ಡ್‌ಸ್ಪಾರ್ ಒಳಗೆ. ತೂಕ 62, ನೀರು 20. ಚಾಕು ಗೀರಿತು. ಅಪಟೈಟ್?’ ಆ ಪ್ರಶ್ನೆ ಚಿಹ್ನೆಯನ್ನು ನಾನಿನ್ನೂ ಅಳಿಸಿಲ್ಲ.