ವಾಚ್ ಕೂಗುತ್ತದೆ, ಓಡಿ ಬರುವವರು ಯಾರು?

ನನಗೆ ಫಿಟ್ಸ್ ಬರುವುದು ಹೆಚ್ಚಾಗಿ ನಿದ್ದೆಯಲ್ಲಿ. ಮಂಗಳೂರಿನ ಕದ್ರಿಯಲ್ಲಿ ಬಾಡಿಗೆ ರೂಮು, ಇರುವುದು ಒಬ್ಬನೇ. ಉಡುಪಿಯಲ್ಲಿರುವ ಅಕ್ಕನ ಹೆದರಿಕೆ ತಡೆಯಲಾರದೆ ವಾಚ್ ಕಟ್ಟಿಕೊಂಡೆ.

ಫಿಟ್ಸಿಗೆಂದೇ ಮಾಡಿದ ಕೈಪಟ್ಟಿಗಳಿವೆ. ಎಂಬ್ರೇಸ್ ಅನ್ನುವುದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಕೈ ಅದುರುವುದರ ಜೊತೆಗೆ ಚರ್ಮದ ಬೆವರನ್ನೂ ಗಮನಿಸುತ್ತದೆ. ನನ್ನದು ಸಾದಾ ಸ್ಮಾರ್ಟ್‌ವಾಚ್, ಮೊಬೈಲಿನಲ್ಲಿ ಒಂದು ಆ್ಯಪ್. ಕೈ ಒಂದೇ ಸಮನೆ ಅದುರುತ್ತಿದ್ದರೆ ಮೊದಲು ನನ್ನನ್ನು ಎಚ್ಚರಿಸುತ್ತದೆ. ನಾನು ಬಟನ್ ಒತ್ತದಿದ್ದರೆ ಲೊಕೇಶನ್ ಸಮೇತ ಮೆಸೇಜ್ ಹೋಗುತ್ತದೆ. ಮೈ ಸೆಟೆದು ಕೈಕಾಲು ಬಡಿದುಕೊಳ್ಳುವ ಫಿಟ್ಸ್ ಮಾತ್ರ ಇದಕ್ಕೆ ಗೊತ್ತಾಗುವುದು. ದೃಷ್ಟಿ ನೆಟ್ಟು ಒಂದಷ್ಟು ಸೆಕೆಂಡ್ ಸುಮ್ಮನಾಗುವಂಥದ್ದು ತಿಳಿಯುವುದೇ ಇಲ್ಲ.

ಹಲ್ಲುಜ್ಜಿದರೂ ಅಲಾರಂ. ತೆಂಗಿನಕಾಯಿ ತುರಿಯಲು ಕೂತರಂತೂ ಕೇಳಲೇಬೇಡಿ. ಎಡಗೈಗೆ ಬದಲಾಯಿಸಿದ ಮೇಲೆ ಅರ್ಧ ರಗಳೆ ಹೋಯಿತು.

ಜಾಸ್ತಿ ತಲೆ ಕೆಡಿಸಿಕೊಂಡದ್ದು ಮೆಸೇಜ್ ಯಾರಿಗೆ ಹೋಗಬೇಕು ಅನ್ನುವುದಕ್ಕೆ. ಫಿಟ್ಸ್ ಐದು ನಿಮಿಷ ದಾಟಿದರೆ ತಕ್ಷಣ ಆಸ್ಪತ್ರೆ ಅಂತ ಡಾಕ್ಟರ್ ಹೇಳಿದ್ದಾರೆ. ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸು ಎಷ್ಟು ಹಾರಿಸಿಕೊಂಡು ಬಂದರೂ ಗಂಟೆ ಬೇಕು. ಹಾಗಾಗಿ ಮೊದಲ ನಂಬರ್ ಕೆಳಗಿನ ಮನೆಯ ಬಾಯಮ್ಮನದ್ದು. ರೂಮಿನ ಇನ್ನೊಂದು ಕೀ ಅವರ ಹತ್ತಿರ ಇದೆ, ನಾನು ಒಳಗಿನಿಂದ ಚಿಲಕ ಹಾಕುವುದಿಲ್ಲ. ಮೆಸೇಜಿನ ಸದ್ದಿಗೆ ಅವರಿಗೆ ಎಚ್ಚರವಾಗುವುದಿಲ್ಲ. ಅದಕ್ಕೆ ಅಕ್ಕನಿಗೂ ಮೆಸೇಜ್ ಹೋಗುತ್ತದೆ, ಅವಳು ಅಲ್ಲಿಂದ ಬಾಯಮ್ಮನಿಗೆ ಕಾಲ್ ಮಾಡುತ್ತಾಳೆ.

ಬಾಯಮ್ಮನನ್ನು ಕೂರಿಸಿ ಎಲ್ಲ ಹೇಳಿಕೊಟ್ಟೆ. ಒಂದು ಮಗ್ಗುಲಿಗೆ ಹೊರಳಿಸಿ, ಗಟ್ಟಿಯಾಗಿ ಅದುಮಿ ಹಿಡಿಯಬೇಡಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ, ಗಡಿಯಾರ ನೋಡಿ.

"ಕೈಗೆ ಕಬ್ಬಿಣದ ಕೀ ಕೊಡುವುದು ಬೇಡ್ವಾ ಮಗಾ?"

"ಆ ಕೀಯಲ್ಲಿ ಬಾಗಿಲು ತೆಗೆಯಿರಿ ಬಾಯಮ್ಮ, ಸಾಕು."

ಒಂದು ಸಂಜೆ ಬೇಕೆಂದೇ ಕೈ ಅದುರಿಸಿ ಪರೀಕ್ಷೆ ಮಾಡಿದೆವು. ನೈಟಿಯ ಮೇಲೊಂದು ಬೈರಾಸು ಹೊದ್ದು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದೇಬಿಟ್ಟರು.

ಚಾರ್ಜ್ ಮಾಡುವುದು ಆಫೀಸಿನಲ್ಲಿ, ಊಟದ ಹೊತ್ತಿಗೆ. ಮಳೆಗಾಲದಲ್ಲಿ ರಾತ್ರಿಯ ಕರೆಂಟನ್ನು ನಂಬುವ ಹಾಗಿಲ್ಲ ಅಲ್ವಾ.

ವಾಚ್ ನೋಡಿಕೊಂಡು ಮಾತ್ರೆ ಹೆಚ್ಚುಕಡಿಮೆ ಮಾಡುವುದಿಲ್ಲ. ಅಲಾರಂ ಆದ ದಿನ, ಹೊತ್ತು, ಹಿಂದಿನ ರಾತ್ರಿಯ ನಿದ್ದೆ ಇಷ್ಟನ್ನು ಡಾಕ್ಟರಿಗೆ ತೋರಿಸುತ್ತೇನೆ. ಬೆಳಗಿನವರೆಗೆ ಯಕ್ಷಗಾನದ ಆಟ ನೋಡಿದ ಮರುರಾತ್ರಿಗಳು ಅದರಲ್ಲಿ ಎದ್ದು ಕಂಡವು. ನಿದ್ದೆಗೆಟ್ಟರೆ ಫಿಟ್ಸ್ ಬರಬಹುದು ಅಂತ ಅವರು ಮೊದಲೇ ಹೇಳಿದ್ದರು. ಈಗ ಬೆಳಗಿನವರೆಗೆ ಎಳೆಯದ ಕಾಲಮಿತಿ ಆಟಕ್ಕೆ ಮಾತ್ರ ಹೋಗುತ್ತೇನೆ, ಅದೂ ಮರುದಿನ ರಜೆಯಿದ್ದರೆ.