ಸಿಗ್ನಲ್ ಹಾರಿಸೋ ಜೊತೆಗಾರನಿಗೆ ಹೇಳೋದು ಹೇಗೆ, ಎಲ್ಲಿ ಸುಮ್ನಿರಬೇಕು

ನಂದಿ ಬೆಟ್ಟದಿಂದ ಬೆಂಗಳೂರಿಗೆ ಸೈಕಲ್‌ನಲ್ಲಿ ವಾಪಸ್ ಬರ್ತಾ ಇದ್ವಿ, ಭಾನುವಾರ, ಒಂಬತ್ತೂಕಾಲು ಆಗಿತ್ತು, ಚಾಲುಕ್ಯ ಸರ್ಕಲ್ ಸಿಗ್ನಲ್ ಕೆಂಪಾಗಿ ಎರಡು ಸೆಕೆಂಡ್ ಆಗಿರಬೇಕು ಅಷ್ಟೆ. ನಾನು ಬ್ರೇಕ್ ಹಿಡಿದು, ಪೆಡಲ್‌ಗೆ ಕಚ್ಚಿಕೊಳ್ಳೋ ಶೂ ನಮ್ದು, ಎಡಗಾಲು ಅದರಿಂದ ಬಿಡಿಸ್ಕೊಂಡು ನೆಲಕ್ಕೆ ಊರಿದೆ, ಪಕ್ಕದಲ್ಲೇ ಇದ್ದ ನಮ್ಮ ಗುಂಪಿನ ಹುಡುಗ ನಿಲ್ಲಿಸಲೇ ಇಲ್ಲ, ತಲೆ ಬಗ್ಗಿಸ್ಕೊಂಡು ಎರಡು ಸಲ ಜೋರಾಗಿ ತುಳಿದು ನುಗ್ಗಿಬಿಟ್ಟ. ಪಕ್ಕದ ರಸ್ತೆಯಿಂದ ಸಿಟಿ ಬಸ್ಸು ಬಂತು. ಅದರ ಗಾಳಿ ಬ್ರೇಕು ಉಸ್ಸ್ ಅಂದಿದ್ದು, ಬಸ್ಸಿನ ಮೂತಿ ಮುಂದಕ್ಕೆ ಬಾಗಿ ನಿಂತಿದ್ದು, ಅವನ ಹಿಂದಿನ ಚಕ್ರಕ್ಕೂ ಬಂಪರ್‌ಗೂ ಒಂದು ಮೊಳ ಜಾಗ ಉಳಿದಿದ್ದು, ಎಲ್ಲಾ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಗ ನಾನು ಏನ್ ಮಾಡ್ದೆ ಗೊತ್ತಾ, ಗಂಟಲು ಹರ್ಕೊಂಡು "ಏಯ್" ಅಂತ ಕೂಗಿದೆ. ಅವನು ಸರ್ಕಲ್ ಮಧ್ಯದಲ್ಲೇ ತಿರುಗಿ ಹಿಂದೆ ನೋಡ್ದ, ಹ್ಯಾಂಡಲ್ ಅಲ್ಲಾಡ್ತು, ಸೈಕಲ್ ಬಲಕ್ಕೆ ಎರಡಡಿ ವಾಲ್ತು. ಬಸ್ ಡ್ರೈವರ್ ಪುಣ್ಯಾತ್ಮ, ಆಗ್ಲೇ ನಿಲ್ಸಿದ್ದ. ಅಲ್ಲಿಂದೀಚೆಗೆ ನಾನು ಓಡ್ತಿರೋ ಸೈಕಲ್ ಮೇಲೆ ಕೂತಿರೋರಿಗೆ ಬುದ್ಧಿ ಹೇಳಕ್ಕೆ ಹೋಗಲ್ಲ. ಹಾಗಂತ ಹೇಳೋದನ್ನ ಬಿಟ್ಟಿಲ್ಲ.

ತುಂಬಾ ಜನ ಕೇಳ್ತಾರೆ, ನಮಗ್ಯಾಕೆ ಊರ ಉಸಾಬರಿ, ಟ್ರಾಫಿಕ್ ಪೊಲೀಸರ ಕೆಲಸ ಅದು ಅಂತ. ಆದ್ರೆ ನೋಡಿ, ಸೈಕಲ್‌ಗೆ ನಂಬರ್ ಪ್ಲೇಟ್ ಇಲ್ಲ, ಲೈಸೆನ್ಸ್ ಇಲ್ಲ, ಕ್ಯಾಮೆರಾ ಫೋಟೋ ತೆಗೆದ್ರೂ ಚಲನ್ ಯಾರ ಮನೆಗೂ ಬರಲ್ಲ. ನಮ್ಮ ತಾತನ ಕಾಲದಲ್ಲಿ ಸೈಕಲ್‌ಗೆ ಮುನಿಸಿಪಾಲಿಟಿ ಬಿಲ್ಲೆ ಇರ್ತಿತ್ತು, ಡೈನಮೋ ಲೈಟ್ ಇಲ್ದೆ ಹೋದ್ರೆ, ಡಬಲ್ಸ್ ಹೋದ್ರೆ ಪೊಲೀಸ್‌ನೋರು ಹಿಡಿದು ಗಾಳಿ ಬಿಡ್ತಿದ್ರು ಅಂತ ಮನೇಲಿ ದೊಡ್ಡೋರು ಹೇಳ್ತಾರೆ, ಈಗ ಅದ್ಯಾವುದೂ ಇಲ್ಲ. ಈಗ ಒಬ್ಬ ಸೈಕ್ಲಿಸ್ಟ್‌ಗೆ ಹೇಳೋರು ಯಾರಾದ್ರೂ ಇದ್ರೆ ಅದು ಇನ್ನೊಬ್ಬ ಸೈಕ್ಲಿಸ್ಟೇ. ಅದಕ್ಕೇ ಹೇಳಲೇಬೇಕು ಅನ್ನೋನು ನಾನು. ಆದ್ರೆ ಯಾರಿಗೆ, ಯಾವಾಗ, ಯಾವ ಮಾತಲ್ಲಿ ಅನ್ನೋದು ಸರಿ ಹೋಗ್ಲಿಲ್ಲ ಅಂದ್ರೆ ಹೇಳಿದ್ದು ನೀರಲ್ಲಿ ಹೋಮ.

ಮೊದ್ಲು ನಿಮ್ಮ ಗುಂಪಿಂದ ಶುರು ಮಾಡಿ

ಗೊತ್ತಿಲ್ಲದೋರಿಗೆ ಹೇಳೋಕ್ಕಿಂತ ಮುಂಚೆ ನಮ್ಮ ಜೊತೆ ಪ್ರತಿ ವಾರ ಬರೋರಿಗೆ ಹೇಳ್ಬೇಕು, ಯಾಕಂದ್ರೆ ಕೇಳೋರು ಅವರೇ. ಇಲ್ಲಿ ಒಂದು ವಿಷ್ಯ ಗಮನಿಸಿ. ಗುಂಪಲ್ಲಿ ಸಿಗ್ನಲ್ ಹಾರಿಸೋರಲ್ಲಿ ಬಹಳಷ್ಟು ಜನ ಒಬ್ಬೊಬ್ರೇ ಹೋಗುವಾಗ ನಿಲ್ಲಿಸೋರೇ. ಗುಂಪಲ್ಲಿ ಆಗೋದೇನಂದ್ರೆ, ಮುಂದಿನ ನಾಲ್ಕು ಜನ ಹಳದಿ ಇದ್ದಾಗ ದಾಟ್ಬಿಡ್ತಾರೆ, ಹಿಂದಿನ ಆರು ಜನಕ್ಕೆ ಕೆಂಪು ಬಿದ್ದಿರತ್ತೆ, ನಿಂತ್ರೆ ಮುಂದಿನೋರು ತಪ್ಪಿ ಹೋಗ್ತಾರೆ, ಆಮೇಲೆ ಯಲಹಂಕದವರೆಗೂ ಎದುರುಗಾಳೀಲಿ ಒಬ್ರೇ ತುಳೀಬೇಕು ಅನ್ನೋ ಭಯಕ್ಕೆ ಆ ಆರೂ ಜನ ನುಗ್ಗಿಬಿಡ್ತಾರೆ. ಅಂದ್ರೆ ನೀವು ಮಾತಾಡಬೇಕಾಗಿರೋದು ಕೆಂಪಲ್ಲಿ ನುಗ್ಗಿದ ಕೊನೆಯವನ ಹತ್ರ ಅಲ್ಲ, ಹಳದೀಲಿ ಎಳ್ಕೊಂಡು ಹೋದ ಮುಂದಿನವನ ಹತ್ರ. ಅವನಿಗೆ ಹೇಳಿ, ಹಳದಿ ಕಂಡ್ರೆ ನಿಲ್ಸು, ನೀನು ದಾಟಿ ಹಿಂದಿನೋರು ಉಳ್ಕೊಂಡ್ರೆ ಮುಂದೆ ಬಸ್ ಸ್ಟಾಪ್ ಹತ್ರ ಪಕ್ಕಕ್ಕೆ ನಿಂತು ಕಾಯಿ ಅಂತ.

ಇದನ್ನ ರೈಡ್ ಶುರು ಆಗೋಕ್ಕೆ ಮುಂಚೆ, ಎಲ್ಲರೂ ಟೈರ್ ಒತ್ತಿ ನೋಡ್ತಾ ನಿಂತಿರ್ತಾರಲ್ಲ, ಆವಾಗ ಒಂದೇ ನಿಮಿಷದಲ್ಲಿ ಹೇಳ್ಬೇಕು. ನಾವು ಹೇಳೋದು ಇಷ್ಟೇ, "ಕೆಂಪಿಗೆ ನಿಲ್ತೀವಿ, ಗುಂಪು ಒಡೆದ್ರೂ ಪರವಾಗಿಲ್ಲ, ಮುಂದಿನೋರು ಕಾಯ್ತಾರೆ, ಯಾರನ್ನೂ ಬಿಟ್ಟು ಹೋಗಲ್ಲ." ಆ ಕೊನೇ ಮಾತೇ ಮುಖ್ಯ. ಬಿಟ್ಟು ಹೋಗಲ್ಲ ಅನ್ನೋ ನಂಬಿಕೆ ಬಂತು ಅಂದ್ರೆ ಜನ ತಾವಾಗೇ ನಿಲ್ತಾರೆ.

ಬ್ರೆವೆ, ಅಂದ್ರೆ ಗೊತ್ತಾದ ಟೈಮೊಳಗೆ ಮುಗಿಸ್ಬೇಕಾದ ದೂರದ ಸೈಕಲ್ ಸವಾರಿ, ಮಾಡೋರಿಗೆ ಇದು ಅಭ್ಯಾಸ ಇರತ್ತೆ. 200 ಕಿ.ಮೀ. ಬ್ರೆವೆಗೆ ಹದಿಮೂರೂವರೆ ಗಂಟೆ ಟೈಮು, ಗಡಿಯಾರದ ಒತ್ತಡ ಇದ್ದೇ ಇರತ್ತೆ, ಆದ್ರೂ ರಸ್ತೆ ನಿಯಮ ಪಾಲಿಸ್ಬೇಕು, ಕತ್ತಲಾದ್ರೆ ಹಿಂದೆ ಮುಂದೆ ಲೈಟು, ಮೈಮೇಲೆ ಹೊಳೆಯೋ ವೆಸ್ಟು ಇರಲೇಬೇಕು ಅಂತ ನಿಯಮ. ಒಬ್ರೂ ಅದನ್ನ ಅವಮಾನ ಅಂತ ತಗೊಳ್ಳಲ್ಲ, ಯಾಕಂದ್ರೆ ಹೊರಡೋಕ್ಕೆ ಮುಂಚೇನೇ ಒಪ್ಕೊಂಡಿರೋದು.

ಒಂದು ಕಡೆ ಮಾತ್ರ ನಯ ನಾಜೂಕು ಬಿಟ್ಟು ಖಡಾಖಂಡಿತವಾಗಿ ಬೇಡ ಅನ್ನಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಮುಖ್ಯ ರಸ್ತೇಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆ ಸೈಕಲ್‌ಗೂ ಪ್ರವೇಶ ಇಲ್ಲ. ಸರ್ವೀಸ್ ರೋಡ್ ಗುಂಡಿ ಬಿದ್ದಿದೆ, ಮದ್ದೂರಿನವರೆಗೆ ಮೇಲೆ ಹೋಗೋಣ ಬಾರೋ ಅಂತ ಯಾವನೋ ಒಬ್ಬ ಇದ್ದೇ ಇರ್ತಾನೆ. ಅವನ ಹಿಂದೆ ಹೋಗ್ಬೇಡಿ, ಅವನನ್ನೂ ಕಳಿಸ್ಬೇಡಿ, ಹಟ ಹಿಡಿದ್ರೆ ಇಡೀ ಗುಂಪು ಅಲ್ಲೇ ನಿಂತ್ಕೊಳ್ಳಿ. ನೂರರ ಹತ್ರ ಸ್ಪೀಡಲ್ಲಿ ಬರೋ ಕಾರಿಗೆ ಸೈಕಲ್ ಕಾಣಿಸಿ, ಅದು ಸೈಕಲ್ ಅಂತ ಅರ್ಥ ಆಗೋಷ್ಟರಲ್ಲಿ ಏನೂ ಮಾಡೋಕಾಗಲ್ಲ.

ಒಬ್ಬರಿಗೆ ಹೇಳೋದಾದ್ರೆ

ಚಾಲುಕ್ಯ ಸರ್ಕಲ್ ಹುಡುಗನ ಹತ್ರ ನಾನು ಮಾತಾಡಿದ್ದು ಇಡ್ಲಿ ತಿನ್ನೋ ಜಾಗದಲ್ಲಿ, ಉಳಿದೋರು ಕಾಫಿಗೆ ಲೈನಲ್ಲಿ ನಿಂತಿದ್ದಾಗ, ಸೈಕಲ್ ಒರಗಿಸಿದ್ದ ಗೋಡೆ ಹತ್ರ. ನಾಲ್ಕು ಜನರ ಮುಂದೆ ಹೇಳಿದ್ರೆ ಅವನು ಕೇಳಿಸ್ಕೊಳ್ತಿರೋದು ನಿಮ್ಮ ಮಾತಲ್ಲ, ಆ ನಾಲ್ಕು ಜನರ ಮುಖ. ವಾಟ್ಸಾಪ್ ಗ್ರೂಪಲ್ಲಿ ಹೆಸರು ಹಾಕಿ ಬರೆಯೋದು, ವಿಡಿಯೋ ಹಾಕೋದು ಇನ್ನೂ ಕೆಟ್ಟದು, ಅದ್ರಿಂದ ಜನ ಗುಂಪು ಬಿಟ್ಟಿದ್ದು ನೋಡಿದೀನಿ, ಸಿಗ್ನಲ್ ಹಾರಿಸೋದು ಬಿಟ್ಟಿದ್ದು ನೋಡಿಲ್ಲ.

ಮೊದಲನೇ ಮಾತು ನೀವು ಕಂಡಿದ್ದು ಮಾತ್ರ ಇರ್ಲಿ. "ಬಸ್ಸು ನಿನ್ನ ಹಿಂದಿನ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ನಿಲ್ತು, ನೀನು ನೋಡ್ಲಿಲ್ಲ, ನಾನು ನೋಡ್ದೆ, ಕೈ ಕಾಲು ತಣ್ಣಗಾಯ್ತು." ಇಷ್ಟೇ. ನಿಮ್ಮಂಥೋರಿಂದ ಸೈಕ್ಲಿಸ್ಟ್‌ಗಳಿಗೆಲ್ಲಾ ಕೆಟ್ಟ ಹೆಸರು ಅನ್ನೋ ಡೈಲಾಗ್ ಮಾತ್ರ ದಯವಿಟ್ಟು ಬೇಡ. ಒಬ್ಬ ಕಾರಿನವನು ರಾಂಗ್ ಸೈಡ್ ಬಂದ್ರೆ ಕಾರಿರೋರೆಲ್ಲಾ ತಲೆ ತಗ್ಗಿಸ್ತಾರಾ? ಹೆಸರಿನ ಭಾರ ಅವನ ಮೇಲೆ ಹೊರಿಸೋದು ನ್ಯಾಯ ಅಲ್ಲ, ಅವನು ಬದುಕಿರ್ಲಿ ಅನ್ನೋದಷ್ಟೇ ಸಾಕಾದಷ್ಟು ದೊಡ್ಡ ಕಾರಣ. ಕಾನೂನು ಹೇಳಿ ಹೆದರಿಸೋದೂ ಬೇಡ. ಭಾರತೀಯ ನ್ಯಾಯ ಸಂಹಿತೆಯ 281ನೇ ಸೆಕ್ಷನ್ ಇದೆ, ಸಾರ್ವಜನಿಕ ರಸ್ತೇಲಿ ಪ್ರಾಣಕ್ಕೆ ಅಪಾಯ ಆಗೋ ಹಾಗೆ ಯಾವುದೇ ವಾಹನ ಓಡಿಸಿದ್ರೆ ಆರು ತಿಂಗಳವರೆಗೆ ಜೈಲು ಇಲ್ಲಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲಾ ಎರಡೂ, ಮೋಟಾರು ಇರಲೇಬೇಕು ಅಂತ ಅದ್ರಲ್ಲಿಲ್ಲ. ಸೈಕಲ್‌ಗೆ ರೂಲ್ಸೇ ಇಲ್ಲ ಅಂತ ವಾದ ಮಾಡೋರಿಗೆ ಉತ್ತರ ಕೊಡಕ್ಕೆ ಅದು ಗೊತ್ತಿರ್ಲಿ, ಗೆಳೆಯನಿಗೆ ಹೇಳೋ ಮೊದಲನೇ ಮಾತು ಅದಾಗೋದು ಬೇಡ.

ಆಮೇಲೆ ಯಾಕೆ ಹಾಗ್ಮಾಡ್ದೆ ಅಂತ ಕೇಳಿ ಸುಮ್ನಾಗಿ. ನಮ್ಮ ಹುಡುಗ ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ದು ಏನಂದ್ರೆ, ಹಸಿರು ಬಿದ್ದಾಗ ಹಿಂದಿಂದ ಬೈಕುಗಳೆಲ್ಲಾ ಹಾರ್ನ್ ಹೊಡ್ಕೊಂಡು ಒಟ್ಟಿಗೆ ನುಗ್ತಾವೆ, ಶೂ ಪೆಡಲ್‌ಗೆ ಕಚ್ಚಿಸೋಕೇ ಆಗಲ್ಲ, ಒಂದ್ಸಲ ಹಾಗೇ ಬಿದ್ದಿದೀನಿ, ಅದಕ್ಕೇ ಮುಂಚೇನೇ ದಾಟಿಬಿಟ್ರೆ ಸೇಫ್ ಅನ್ಸತ್ತೆ ಅಂತ. ಇದು ಸುಳ್ಳು ನೆಪ ಅಲ್ಲ ಕಣ್ರಿ, ಎಷ್ಟೋ ಜನರ ನಿಜವಾದ ಕಷ್ಟ. ಅವನಿಗೆ ಬೇಕಾಗಿದ್ದು ಬೈಗುಳ ಅಲ್ಲ, ನಿಂತಲ್ಲಿಂದ ಹೊರಡೋದು ಹೇಗೆ ಅನ್ನೋ ಪಾಠ.

ಅದನ್ನ ಖಾಲಿ ರಸ್ತೇಲಿ ಹತ್ತು ನಿಮಿಷ ಮಾಡಿ ತೋರಿಸಿದೆ, ನೀವೂ ತೋರಿಸಿ. ಸಿಗ್ನಲ್ ಇನ್ನೂ ಐವತ್ತು ಮೀಟರ್ ಇರೋವಾಗ್ಲೇ, ತುಳೀತಾ ಇರೋವಾಗ್ಲೇ, ಹಿಂದಿನ ಗೇರ್ ಮೂರು ಹಗುರ ಮಾಡ್ಕೊಬೇಕು, ನಿಂತ ಮೇಲೆ ಚೈನ್ ಗೇರಿಗೆ ಸರಿಯಾಗಿ ಕೂರಲ್ಲ. ಗಟ್ಟಿ ಗೇರಲ್ಲೇ ನಿಂತ್ರೆ ಹೊರಡುವಾಗ ಸೈಕಲ್ ಹಾವಿನ ಹಾಗೆ ಹರಿದಾಡೋದು ಖಂಡಿತ. ನಿಲ್ಲೋದು ಬಸ್ಸಿನ ಎಡಮೂಲೆ ಪಕ್ಕ ಅಲ್ಲ, ಅಲ್ಲಿ ಡ್ರೈವರ್‌ಗೆ ನೀವು ಕಾಣಲ್ಲ, ಸ್ವಲ್ಪ ಮುಂದೆ, ಅವನ ಕಣ್ಣಿಗೆ ಬೀಳೋ ಕಡೆ ನಿಲ್ಬೇಕು. ಬಲಗಾಲಿನ ಪೆಡಲ್ಲನ್ನ ಗಡಿಯಾರದಲ್ಲಿ ಎರಡು ಗಂಟೆ ಇರೋ ಜಾಗಕ್ಕೆ ಎತ್ತಿಟ್ಕೊಂಡು, ಹಸಿರು ಬಿದ್ದ ತಕ್ಷಣ ಒಂದು ಪೂರ್ತಿ ತುಳಿತ, ಸೈಕಲ್ ನೆಟ್ಟಗೆ ಹೊರಟ್ಮೇಲೆ ಎಡಗಾಲು ಕಚ್ಚಿಸಿದ್ರೆ ಸಾಕು, ಆತುರ ಇಲ್ಲ. ಎರಡು ವಾರ ಆದ್ಮೇಲೆ ಅದೇ ಹುಡುಗ ಮೇಖ್ರಿ ಸರ್ಕಲ್ ಹತ್ರ ನನಗಿಂತ ಮುಂಚೆ ನಿಲ್ಸಿ, ನನ್ನ ಕಡೆ ನೋಡ್ದೇನೇ, ಪೆಡಲ್ ಎತ್ತಿಟ್ಕೊಂಡ.

ಗುಂಪಲ್ಲಿ ಓದ್ಕೊಂಡಿರೋರು ಒಬ್ರು ಇರ್ತಾರೆ, ಅಮೆರಿಕದ ಐಡಹೋದಲ್ಲಿ 1982ರಿಂದಾನೇ ಸೈಕಲ್‌ಗೆ ವಿನಾಯ್ತಿ ಇದೆ, ಪ್ಯಾರಿಸ್‌ನಲ್ಲೂ ಕೆಂಪಲ್ಲಿ ಹೋಗ್ಬಹುದು ಅಂತಾರೆ. ಮಾತು ಸುಳ್ಳಲ್ಲ, ಆದ್ರೆ ಪೂರ್ತಿ ಅಲ್ಲ. ಐಡಹೋದಲ್ಲೂ ಕೆಂಪಿಗೆ ಮೊದ್ಲು ನಿಲ್ಲಲೇಬೇಕು, ಖಾಲಿ ಇದ್ರೆ ಆಮೇಲೆ ಹೋಗೋದು, ಪ್ಯಾರಿಸ್‌ನಲ್ಲಿ ಬೋರ್ಡ್ ಹಾಕಿರೋ ಜಂಕ್ಷನ್‌ಗಳಲ್ಲಿ ಮಾತ್ರ, ಅದೂ ನಡ್ಕೊಂಡು ಹೋಗೋರಿಗೆ ದಾರಿ ಬಿಟ್ಟು. ಅಲ್ಲಿ ಸೈಕಲ್ ಬರಬಹುದು ಅಂತ ಡ್ರೈವರ್‌ಗೆ ಗೊತ್ತಿರತ್ತೆ, ಇಲ್ಲಿ ಹಸಿರಲ್ಲಿ ಬರ್ತಿರೋ ಬಸ್ ಡ್ರೈವರ್‌ಗೆ ಹೇಗೆ ಗೊತ್ತಿರಬೇಕು?

ಗುರುತಿಲ್ಲದವರು

ಸಿಗ್ನಲ್‌ನಲ್ಲಿ ಪಕ್ಕ ನಿಂತ ಅಪರಿಚಿತ ಸೈಕ್ಲಿಸ್ಟ್ ಇನ್ನೇನು ಹೊರಡೋಕೆ ನೋಡ್ತಿದ್ರೆ "ಇನ್ನೂ ಇಪ್ಪತ್ತು ಸೆಕೆಂಡ್ ಇದೆ ಬಾಸ್, ಎಲ್ಲೀವರೆಗೆ ಹೊರಟ್ರಿ" ಅಂತ ಮಾತಿಗೆ ಎಳೀರಿ. ಅರ್ಧಕ್ಕರ್ಧ ಜನ ಉತ್ತರ ಕೊಡ್ತಾ ನಿಂತ್ಬಿಡ್ತಾರೆ. ಹೋಗೇ ಹೋದ್ರೆ ಅಟ್ಟಿಸ್ಕೊಂಡು ಹೋಗ್ಬೇಡಿ. ಕತ್ತಲಲ್ಲಿ ಲೈಟ್ ಇಲ್ಲದೋರಿಗೆ "ನಿಮ್ಮ ಹಿಂದಿನ ಲೈಟ್ ಆಫ್ ಆಗಿದೆ ನೋಡಿ" ಅನ್ನಿ, ಇಲ್ವೇ ಇಲ್ಲ ಅಂತ ಗೊತ್ತಿದ್ರೂ ಹಾಗೇ ಅನ್ನಿ, ಅದ್ರಿಂದ ಯಾರಿಗೂ ಬೇಜಾರಾಗಲ್ಲ, ವಿಷ್ಯ ಮುಟ್ಟತ್ತೆ.

ಇನ್ನೊಂದು ನಡೆದಿದ್ದು ಹೇಳ್ಬೇಕು. ಔಟರ್ ರಿಂಗ್ ರೋಡಲ್ಲಿ, ಮಾರತಹಳ್ಳಿ ಕಡೆ ಸರ್ವೀಸ್ ರೋಡಲ್ಲಿ ಬೆಳಗ್ಗೆ ಆರಕ್ಕೆ ಎದುರುಗಡೆಯಿಂದ ಒಬ್ರು ವಯಸ್ಸಾದೋರು ಸೈಕಲ್‌ನಲ್ಲಿ ಬಂದ್ರು, ಹಿಂದೆ ಕ್ಯಾರಿಯರ್ ಮೇಲೆ ಒದ್ದೆ ಗೋಣಿಚೀಲದಲ್ಲಿ ದಂಟಿನ ಸೊಪ್ಪು, ಕೊತ್ತಂಬರಿ, ಚೀಲದಿಂದ ನೀರು ತೊಟ್ಟಿಕ್ಕಿ ರಸ್ತೆ ಮೇಲೆ ಗೆರೆ ಬಿದ್ದಿತ್ತು. ನಾನು ನಿಲ್ಸಿ, ರಾಂಗ್ ಸೈಡ್ ಬರ್ತಿದೀರಲ್ಲ ಯಜಮಾನ್ರೇ, ಕಾರು ಬಂದ್ರೆ ಏನ್ ಗತಿ ಅಂದೆ. ಅವ್ರು ಕೋಪ ಮಾಡ್ಕೊಳ್ಳಲಿಲ್ಲ. "ಸರಿಯಾದ ಕಡೆ ಹೋಗ್ಬೇಕಂದ್ರೆ ಆ ಮೇಲ್ಸೇತುವೆ ಹತ್ತಿ ತಿರುಗ್ಬೇಕು ಸ್ವಾಮಿ, ಈ ಭಾರ ಹೊತ್ಕೊಂಡು ನಂಗೆ ಹತ್ತಕ್ಕಾಗಲ್ಲ" ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ. ನಾನು ಎಂಟು ಕೆಜಿ ಸೈಕಲ್‌ನಲ್ಲಿ ಖುಷಿಗೆ ಬಂದಿರೋನು, ಅವರ ಚೀಲವೇ ನಲವತ್ತು ಕೆಜಿ ಇರಬೇಕು. 2020ರಲ್ಲಿ ಇದೇ ರಿಂಗ್ ರೋಡಲ್ಲಿ ಗೂಟ ನೆಟ್ಟು ಸೈಕಲ್ ಲೇನ್ ಮಾಡಿದ್ರು, ಬೈಕುಗಳು ಅದ್ರೊಳಗೇ ನುಗ್ಗಿದ್ವು. ರಸ್ತೆ ಮಾಡೋರು ಸೈಕಲ್ ತುಳಿದು ಬದುಕೋರನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂದ್ಮೇಲೆ ಆ ರಸ್ತೆಯ ರೂಲ್ಸ್ ಪಾಠ ಅವರಿಗೆ ಮಾಡಕ್ಕೆ ನಂಗೆ ಯಾವ ಹಕ್ಕೂ ಇಲ್ಲ ಅನ್ನಿಸ್ತು.

ಇಂಥೋರಿಗೆ ತಪ್ಪು ಅನ್ಬೇಡಿ, ಕೈಲಾದ್ದು ಕೊಡಿ. ನಾನು ನನ್ನ ಹ್ಯಾಂಡಲ್‌ನಲ್ಲಿದ್ದ ಬಿಳಿ ಲೈಟ್ ಬಿಚ್ಚಿ ಅವರ ಹ್ಯಾಂಡಲ್‌ಗೆ ಕಟ್ಟಿದೆ, ರಬ್ಬರ್ ಪಟ್ಟಿ ಇರೋದು, ಅರ್ಧ ನಿಮಿಷದ ಕೆಲಸ. ಬಸ್ಸು ಕಂಡ್ರೆ ಇಳಿದು ಪುಟ್‌ಪಾತ್ ಪಕ್ಕ ತಳ್ಕೊಂಡು ಹೋಗಿ ಅಂದೆ, ಆಯ್ತಪ್ಪ ಅಂದ್ರು. ಈಗ ನನ್ನ ಸೀಟ್ ಬ್ಯಾಗಲ್ಲಿ ಎರಡು ಸಾದಾ ಬ್ಲಿಂಕರ್ (ಮಿಣುಕೋ ಪುಟ್ಟ ಲೈಟು), ಒಂದು ಸುರುಳಿ ಕೆಂಪು ರಿಫ್ಲೆಕ್ಟರ್ ಟೇಪು ಯಾವಾಗ್ಲೂ ಇರತ್ತೆ. ಮಡ್‌ಗಾರ್ಡ್ ಮೇಲೆ ಅಂಗೈ ಅಗಲ ಟೇಪ್ ಅಂಟಿಸ್ಲಾ ಅಂತ ಕೇಳಿದ್ರೆ ಇವತ್ತಿನವರೆಗೆ ಒಬ್ರೂ ಬೇಡ ಅಂದಿಲ್ಲ.

ಡೆಲಿವರಿ ಮಾಡೋ ಹುಡುಗರ ನಿಧಾನದ ಎಲೆಕ್ಟ್ರಿಕ್ ಗಾಡಿಗಳ ಕಥೇನೂ ಹತ್ತಿರ ಹತ್ತಿರ ಇದೇ. 250 ವ್ಯಾಟ್ ಒಳಗಿನ, ಗಂಟೆಗೆ 25 ಕಿ.ಮೀ. ವೇಗ ಮೀರದ ಗಾಡಿಗೆ ಲೈಸೆನ್ಸ್ ಬೇಡ, ಹಾಗಾಗಿ ರಸ್ತೆ ನಿಯಮ ಅವರಿಗೆ ಯಾರೂ ಹೇಳ್ಕೊಟ್ಟಿಲ್ದೇ ಇರಬಹುದು. ಲಿಫ್ಟ್ ಹತ್ರ ಕಾಯ್ತಿರುವಾಗ ನೀರು ಕೊಟ್ಟು ಮಾತಾಡ್ಸಿ, ರಸ್ತೇಲಿ ಅಡ್ಡ ಹಾಕ್ಬೇಡಿ.

ಹೆಲ್ಮೆಟ್ ವಿಷ್ಯಕ್ಕೆ ಜಗಳ ಬೇಡ, ಮೋಟಾರು ಬೈಕಿಗಿರೋ ಹಾಗೆ ಸೈಕಲ್‌ಗೆ ಕಾನೂನಲ್ಲಿ ಕಡ್ಡಾಯ ಇಲ್ಲ, ನಿಮ್ಮ ಗುಂಪಿನ ನಿಯಮ ಮಾಡ್ಕೊಳ್ಳಿ ಅಷ್ಟೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಬರೋರಿಗೆ ಮಾತ್ರ ನಾನು ಪ್ರತಿ ಸಲ ಹೇಳ್ತೀನಿ, ಹಿಂದಿನ ಲಾರಿ ಎಷ್ಟು ಹತ್ರ ಇದೆ ಅಂತ ಸೈಕಲ್‌ನೋನಿಗೆ ಗೊತ್ತಾಗೋದು ಕಿವೀಲೇ.

ತಿರುಗಿ ಬಿದ್ರೆ? ಬೀಳ್ತಾರೆ, ನೀನ್ಯಾರೋ ಕೇಳೋಕೆ ಅಂತಾರೆ. "ನೀವು ಬೀಳ್ಬಾರ್ದು ಅಂತ ಹೇಳ್ದೆ, ಅಷ್ಟೇ" ಅಂತ ಒಂದು ಮಾತು ಹೇಳಿ ಬ್ರೇಕ್ ಹಿಡೀರಿ, ಅವ್ರು ಐವತ್ತು ಮೀಟರ್ ಮುಂದೆ ಹೋಗ್ಲಿ, ಆಮೇಲೆ ಹೊರಡಿ. ಕೋಪದಲ್ಲಿರೋ ಇಬ್ರು ಒಂದೇ ಲೇನಲ್ಲಿ ಪಕ್ಕಪಕ್ಕ ತುಳಿಯೋದು ಸಿಗ್ನಲ್ ಹಾರಿಸೋದಕ್ಕಿಂತ ಕಡಿಮೆ ಅಪಾಯ ಏನಲ್ಲ.