ಮೈ ಬಿಗಿಯುವ ಕೂಸಿಗೆ ಉಣಿಸುವ ಮುಂಚೆ ಕೂರಿಸುವುದನ್ನು ಸರಿಮಾಡಿ

ವಿಜಯಪುರ, ಬಾಗಲಕೋಟೆ ಕಡೆಯ ತಾಯಂದಿರಿಗೆ: ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು, ಮೈ ಹಿಡಿತಕ್ಕೆ ಸಿಗದಿರುವುದು) ಇರುವ ಕೂಸನ್ನು ತೊಡೆ ಮೇಲೆ ಅಂಗಾತ ಮಲಗಿಸಿ ಒಳಲೆಯಿಂದ ಗಂಜಿ ಸುರಿಯಬೇಡಿ. ತಲೆ ಹಿಂದಕ್ಕೆ ಬಿದ್ದಾಗ ನುಂಗುವುದು ಕಷ್ಟ, ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ. ಪದೇ ಪದೇ ನ್ಯುಮೋನಿಯಾ ಆಗಲು ಇದೂ ಒಂದು ಕಾರಣ.

ಎರಡು ಗೋಡೆ ಕೂಡುವ ಮೂಲೆಯಲ್ಲಿ ಗಟ್ಟಿ ಸ್ಟೂಲ್ ಇಡಿ. ಎತ್ತರ ಕೂಸಿನ ಮೊಳಕಾಲಿನಿಂದ ಹಿಮ್ಮಡಿಯಷ್ಟು. ಪೃಷ್ಠ ಪೂರ್ತಿ ಹಿಂದಕ್ಕೆ ತಾಗಿರಲಿ, ಪಾದ ನೆಲಕ್ಕೆ ಚಪ್ಪಟೆ ಊರಲಿ. ಎಟುಕದಿದ್ದರೆ ಬಟ್ಟೆ ಸುತ್ತಿದ ಇಟ್ಟಿಗೆ ಸಾಕು. ಸೊಂಟದ ಎರಡೂ ಬದಿಗೆ ಹಳೆ ಕೌದಿಯ ಸುರುಳಿ. ಕಾಲು ಕತ್ತರಿ ಹಾಕಿದರೆ ಮೊಳಕಾಲ ನಡುವೆ ಸುತ್ತಿದ ಟವೆಲ್. ಮೆತ್ತನೆ ದಿಂಬು ಮಾತ್ರ ಬೇಡ, ಕೂಸು ಮುಂದಕ್ಕೆ ಜಾರಿ ಇನ್ನಷ್ಟು ಬಿಗಿಯುತ್ತದೆ.

ನೀವು ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕೂರಿ. ನಿಂತು ಉಣಿಸಿದರೆ ಕೂಸು ಮೇಲೆ ನೋಡುತ್ತದೆ, ಮತ್ತೆ ಅದೇ ತೊಂದರೆ. ಚಪ್ಪಟೆ ಚಮಚ, ಅರ್ಧ ತುತ್ತು. ನಾಲಿಗೆಯ ನಡುವೆ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೆ ಕಾಯಿರಿ. ಹಲ್ಲಿಗೆ ಒರೆಸಿದರೆ ಚಮಚವನ್ನೇ ಕಚ್ಚಿಬಿಡುತ್ತದೆ! ಜೋಳದ ನುಚ್ಚನ್ನು ಮೊಸರು ಹಾಕಿ ನುಣ್ಣಗೆ, ದಪ್ಪಗೆ ಹಿಸುಕಿ. ತೆಳು ಮಜ್ಜಿಗೆ, ನೀರೇ ಹೆಚ್ಚು ಕೆಮ್ಮಿಸುತ್ತವೆ.

ಉಂಡ ಮೇಲೆ ಅರ್ಧ ತಾಸು ಮಲಗಿಸಬೇಡಿ.

ಉಣ್ಣುವಾಗ ಕೆಮ್ಮು, ಗೊರಗೊರ ದನಿ, ಕಣ್ಣಲ್ಲಿ ನೀರು ಕಂಡರೆ ನಿಲ್ಲಿಸಿ, ಜಿಲ್ಲಾ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಿ. ಕೆಲವು ಮಕ್ಕಳಿಗೆ ಕೆಮ್ಮೇ ಬರುವುದಿಲ್ಲ, ಬರೀ ಜ್ವರ, ಕಫ ಮರುಕಳಿಸುತ್ತದೆ, ಅದನ್ನೂ ಹೇಳಿ. ಅಂಗನವಾಡಿಗೆ ತಪಾಸಣೆ ತಂಡ ಬರುವುದು ವರ್ಷಕ್ಕೆ ಎರಡು ಸಲ, ಅಲ್ಲಿಯವರೆಗೆ ಕಾಯಬೇಡಿ.